ಗುತ್ತೆಪ್ಪ ಮತ್ತು ಇತರರು

ನಮ್ಮ ದೊಡ್ಡವ್ವನ ಶಾವಿಗೆ ಯಂತ್ರ ಹೋಳಿ ಹುಣ್ಣಿಮೆಗೆ ಎದ್ದರೆ ಮೃಗಶಿರಾ ಮಳೆಗೆ ಮಲಗುತ್ತದೆ. ಆಮೇಲೆ ಅದಕ್ಕೆ ಗೋಣಿಚೀಲ ಹೊದಿಸಿ, ಮೇಲೊಂದು ಪ್ಲಾಸ್ಟಿಕ್ ತಾಡಪತ್ರಿ ಕಟ್ಟಿ, ಶೆಡ್ಡಿಗೆ ಕೀಲಿ ಹಾಕುತ್ತೇವೆ. ಮಳೆಗಾಲದಲ್ಲಿ ಶಾವಿಗೆ ಒಣಗುವುದಿಲ್ಲ. ಸುಗ್ಗಿಯ ದಿನಗಳಲ್ಲಿ ಹೆಂಗಸರಿಗೆ ಹೊಲದಿಂದ ಬಿಡುವಿರುವುದಿಲ್ಲ. ಇದು ಆಡೂರಿನಲ್ಲಿ ಎಲ್ಲರಿಗೂ ಗೊತ್ತು. ಗೊತ್ತಿಲ್ಲದ್ದು ಕರೆಂಟ್ ಕಂಪನಿಗೆ ಮಾತ್ರ. ಯಂತ್ರ ಮಲಗಿದ ತಿಂಗಳುಗಳಲ್ಲೂ ಬಿಲ್ಲು ಬರುತ್ತದೆ. ಮೀಟರಿನ ಅಂಕಿ ಕದಲಿರುವುದಿಲ್ಲ, ಆದರೂ ನಿಗದಿತ ಶುಲ್ಕ ಅಂತ ಒಂದು ಸಾಲು ಇದ್ದೇ ಇರುತ್ತದೆ. ಮೋಟರು ಎಷ್ಟು ಎಚ್‌ಪಿಯದೋ ಅಷ್ಟಕ್ಕೆ. ಅದು ತಿರುಗಲಿ, ಬಿಡಲಿ.

ಆ ಸಾಲನ್ನೇ ಏರಿಸಬೇಕು ಅಂತ ಕಂಪನಿ ಈ ವರ್ಷ ಆಯೋಗಕ್ಕೆ ಅರ್ಜಿ ಹಾಕಿತ್ತು. ಕಂಪನಿ ತನ್ನಷ್ಟಕ್ಕೆ ತಾನೇ ದರ ಏರಿಸುವಂತಿಲ್ಲ. ಅದಕ್ಕೆಂದೇ ಒಂದು ಆಯೋಗವಿದೆ, ಆಯೋಗ ಜನರನ್ನು ಕೇಳಿ ಆಮೇಲೆ ಹ್ಞೂಂ ಅನ್ನಬೇಕು. ಆಕ್ಷೇಪ ಇದ್ದವರು ಬರೆದುಕೊಡಬಹುದು ಅಂತ ಪೇಪರಿನಲ್ಲಿ ಅರ್ಧ ಪುಟದ ಜಾಹೀರಾತು ಬಂದಿತ್ತು, ಇರುವೆ ಸಾಲಿನಂಥ ಅಕ್ಷರಗಳಲ್ಲಿ. ಯಾರೂ ಓದಬಾರದು ಅಂತಲೇ ಹಾಕಿದಂತಿತ್ತು. ಹಾನಗಲ್ಲಿನ ಬಸ್‌ಸ್ಟ್ಯಾಂಡಿನಲ್ಲಿ ಮಿರ್ಚಿ ಕಟ್ಟಿಕೊಟ್ಟ ಕಾಗದ ಬಿಚ್ಚಿದಾಗ ಅದು ನನ್ನ ಕಣ್ಣಿಗೆ ಬಿತ್ತು.

ಮನೆಗೆ ತಂದು ದೊಡ್ಡವ್ವನಿಗೆ ಓದಿ ಹೇಳಿದೆ. ಹೊಳೆವ್ವ ಅಂತ ಅವಳ ಹೆಸರು. ಎಮ್ಮೆಗಳನ್ನು ಮಾರಿ ಯಂತ್ರ ತಂದವಳು. ಅದನ್ನು ನಡೆಸುವವನು ನಾನು, ಹಿಟ್ಟಿನ ಹದ ನೋಡುವವಳು ಅವಳು.

"ಏರಿಸಿದ್ರ ಕೊಟ್ಟಬಿಡತೇನಿ ಶಿವಯೋಗಿ," ಅಂದಳು. "ಉಣ್ಣದ ಮೋಟರಿಗೆ ನಾ ಎಷ್ಟಂತ ಬಡಸ್ಲಿ?"

ಕೊಡುವುದು ಅಂದರೆ ಯಾರಿಗೆ ಅಂತ ನನಗೆ ಗೊತ್ತಿತ್ತು. ಹಿರೇಕೆರೂರಿನ ರಾಜಕುಮಾರ ಒಮ್ಮೆ ಬಂದು ಯಂತ್ರದ ಸುತ್ತ ತಿರುಗಾಡಿ, ಅಚ್ಚು ಬಿಚ್ಚಿಸಿ ನೋಡಿ ಹೋಗಿದ್ದ. ಅವನದು ಪಾಕೀಟು ಶಾವಿಗೆಯ ಕಾರ್ಖಾನೆ, ವರ್ಷವಿಡೀ ನಡೆಯುವಂಥದ್ದು. ಊರೂರಿನ ಯಂತ್ರ ಕೊಂಡು ಒಂದೇ ಕಡೆ ಕೂಡಿಸುತ್ತಿದ್ದ. ನಮ್ಮ ಯಂತ್ರ ಹೋದರೆ ಆಡೂರಿನ ಹೆಂಗಸರು ತಮ್ಮ ಗೋಧಿಯನ್ನು ಮಾರಿ ಅವನ ಪಾಕೀಟು ತರಬೇಕು. ದೊಡ್ಡವ್ವ ಆವತ್ತೇ ಅವನಿಗೆ ಫೋನು ಮಾಡಿಸಿ, ಆಯೋಗದ ಆದೇಶ ಬರಲಿ, ಆಮೇಲೆ ಬಾ ಅಂದಳು.

"ಬರದ ಕೊಡೂಣು," ಅಂದಳು ನನಗೆ.

"ಯಾರ ಓದತಾರ ಅದನ್ನ? ದರ ಆಗಲೇ ಒಳಗ ಠರಾವ ಆಗಿರತೈತಿ. ಕೇಳಿದಂಗ ಮಾಡೂದು, ಅಷ್ಟ."

"ಓದಲಿಲ್ಲಂದ್ರ ಅವರ ತಪ್ಪು. ಬರೀಲಿಲ್ಲಂದ್ರ ನಮ್ಮ ತಪ್ಪು. ಗುತ್ತೆಪ್ಪಜ್ಜನ ಕೇಳ್ಕೊಂಡ ಬಾ ಹೋಗು."

ಗುತ್ತೆಪ್ಪಜ್ಜ ನಮ್ಮೂರಿನ ಹಿರಿಯ. ಬದುವಿನ ಜಗಳ, ಪಾಲಿನ ತಂಟೆ, ಗಂಡ ಹೆಂಡತಿಯ ಮುನಿಸು, ಎಲ್ಲ ಅವನ ಮುಂದೆ ಊರಬಾಗಿಲ ಅಗಸಿಕಟ್ಟೆಯ ಮೇಲೆ ಬರುತ್ತವೆ. ಅಲ್ಲಿ ಒಂದು ಪದ್ಧತಿ ಇದೆ. ಎಲ್ಲರಿಗಿಂತ ಸಣ್ಣವನು ಮೊದಲು ಮಾತಾಡಬೇಕು. ಆಮೇಲೆ ಅವನಿಗಿಂತ ದೊಡ್ಡವನು. ಅಜ್ಜ ಎಲೆ ಮೆಲ್ಲುತ್ತ ಕೇಳುತ್ತಾನೆ, ಹ್ಞೂಂ ಸಹ ಅನ್ನುವುದಿಲ್ಲ. ಎಲ್ಲ ಮುಗಿದ ಮೇಲೆ ತನ್ನ ಎಲೆಯ ಸಂಚಿಯ ದಾರ ಬಿಗಿದು ಪಕ್ಕಕ್ಕಿಡುತ್ತಾನೆ. ಸಂಚಿ ಕಟ್ಟಿದ ಅಂದರೆ ಇನ್ನು ಅವನ ಮಾತು. ಅವನು ಮಾತಾಡಿದ ಮೇಲೆ ಯಾರೂ ಬಾಯಿ ತೆಗೆಯುವುದಿಲ್ಲ. ತೆಗೆದವರನ್ನು ನಾನು ನೋಡಿಲ್ಲ.

ಅಜ್ಜ ಮಿರ್ಚಿ ಎಣ್ಣೆಯ ಕಾಗದವನ್ನು ಮೂಸಿ ನೋಡಿದ. "ಕೇಳಾಕ ಕುಂತೇವಿ ಅಂತ ಅವರ ಬಾಯಿಲೆ ಅಂದಾರಲ್ಲೋ. ಹಂಗಾರ ಹೇಳಬೇಕು. ಹೇಳದ ಸಿಟ್ಟ ಮಾಡಿದ್ರ ನಿನ್ನ ಹೊಟ್ಟಿ ಸುಡತೈತಿ, ಅವರದೇನ ಹೋಗತೈತಿ?"

ಅರ್ಜಿ ತಯಾರಾಯಿತು. ಸವಣೂರಿನಲ್ಲಿ ಯಂತ್ರ ಇಟ್ಟುಕೊಂಡಿರುವ ಅಯಾಜ್ ನನ್ನ ಗೆಳೆಯ. ಅವನು ಶಿಗ್ಗಾಂವಿಯವರನ್ನೂ ಹಿರೇಕೆರೂರ ಕಡೆಯವರನ್ನೂ ಕೂಡಿಸಿದ. ಹಾನಗಲ್ಲಿನ ಕಂಪ್ಯೂಟರ್ ಅಂಗಡಿಯಲ್ಲಿ ಟೈಪ್ ಮಾಡಿಸಿ, ಪ್ರಮಾಣಪತ್ರ ಮಾಡಿಸಿ, ಕೇಳಿದಷ್ಟು ಪ್ರತಿ ತೆಗೆಸಿ ಕಳಿಸಿದೆವು. ನಾವು ಬೇಡಿದ್ದು ಇಷ್ಟೇ: ಯಂತ್ರ ನಡೆಯುವ ತಿಂಗಳಿಗೆ ಶುಲ್ಕ ತಗೊಳ್ಳಿ, ಮಲಗಿದ ತಿಂಗಳಿಗೆ ಬೇಡ.

ಮೊದಲ ಹೆಸರು ಗುತ್ತೆಪ್ಪಜ್ಜನದು. ಅವನಿಗೆ ಶಾವಿಗೆ ಯಂತ್ರ ಇಲ್ಲ, ಹಿಟ್ಟಿನ ಗಿರಣಿಯೂ ಇಲ್ಲ. ಆದರೆ ಅರ್ಜಿ ಅಂದ ಮೇಲೆ ಹಿರಿಯರ ಹೆಸರು ಮೇಲೆ. ಮದುವೆ ಕಾರ್ಡಿನಿಂದ ರಸ್ತೆ ಬೇಡುವ ಮನವಿಯವರೆಗೆ ನಮ್ಮಲ್ಲಿ ಹಾಗೇ. ಎರಡನೆಯ ಹೆಸರು ದೊಡ್ಡವ್ವನದು. ಇದರಲ್ಲಿ ತಪ್ಪೇನಾದರೂ ಇದೆ ಅಂತ ನಮ್ಮಲ್ಲಿ ಒಬ್ಬರಿಗೂ ಅನ್ನಿಸಲಿಲ್ಲ.

ವಿಚಾರಣೆ ಶಿಗ್ಗಾಂವಿಯ ಒಂದು ಸಮುದಾಯ ಭವನದಲ್ಲಿ ಇತ್ತು. ಶಿವರಾತ್ರಿ ಮುಗಿದಿತ್ತು, ಬಿಸಿಲು ಆಗಲೇ ಬಲಿತಿತ್ತು. ಅಯಾಜ್ ತನ್ನ ಗೂಡ್ಸ್ ಗಾಡಿ ತಂದ. ದೊಡ್ಡವ್ವ ಮುಂದೆ ಕುಂತಳು, ಅಜ್ಜ ಮತ್ತು ನಾನು ಹಿಂದೆ ಗೋಣಿಚೀಲ ಹಾಸಿಕೊಂಡು ಕುಂತೆವು.

"ಯಜ್ಜಾ, ಅಲ್ಲೆ ಏನ ಹೇಳತೀರಿ?" ಅಂತ ದಾರಿಯಲ್ಲಿ ಕೇಳಿದೆ.

"ಮೊದಲ ಕೇಳತೇನಿ," ಅಂದ.

ಭವನದೊಳಗೆ ಮೇಲೆ ವೇದಿಕೆ, ವೇದಿಕೆಯ ಮೇಲೆ ಆಯೋಗದ ಮೂವರು. ನಡುವೆ ಕುಂತವರು ಅಧ್ಯಕ್ಷರು, ಬಿಳಿ ಕೂದಲಿನ ಸಮಾಧಾನದ ಮನುಷ್ಯ. ಒಂದು ಬದಿಗೆ ಕಂಪನಿಯ ಎಂಜಿನಿಯರರು ಫೈಲುಗಳ ಸಮೇತ. ಕೆಳಗೆ ನಾವು. ಒಬ್ಬ ಗುಮಾಸ್ತ ಮೈಕಿನಲ್ಲಿ ಹೆಸರು ಕೂಗುತ್ತಿದ್ದ, ಕೂಗಿಸಿಕೊಂಡವರು ಹೋಗಿ ಮಾತಾಡುತ್ತಿದ್ದರು. ಮೊದಲು ಕಂಪನಿಯವರೇ ಗೋಡೆಯ ಮೇಲೆ ಚಿತ್ರ ಬಿಟ್ಟು ತಮ್ಮ ನಷ್ಟ ತೋರಿಸಿದರು. ಕೆಂಪು ಗೆರೆ ಮೇಲೇರುತ್ತ ಹೋಗುತ್ತಿತ್ತು. ಅದನ್ನು ಅಷ್ಟು ಮೇಲೇರಿಸಿದವರು ಯಾರು ಅಂತ ಮಾತ್ರ ಚಿತ್ರದಲ್ಲಿ ಇರಲಿಲ್ಲ.

ಆಮೇಲೆ ಗುಮಾಸ್ತ ಕೂಗಿದ: "ಗುತ್ತೆಪ್ಪ ಮತ್ತು ಇತರರು, ಆಡೂರು."

ನಮ್ಮ ಹೆಸರೇ ಮೊದಲು ಬಂದಿತ್ತು. ಅಜ್ಜ ಎದ್ದು ನಿಂತ, ವೇದಿಕೆಗೆ ಕೈ ಮುಗಿದ. ಮೈಕಿನತ್ತ ಹೋಗಲಿಲ್ಲ.

"ಸಣ್ಣವರು ಮೊದಲ ಮಾತಾಡ್ಲಿರಿ," ಅಂದ. "ನಾ ಕಡೀಕ ಹೇಳತೇನಿ." ಮತ್ತೆ ಕುಂತುಬಿಟ್ಟ.

"ನಿಮಗೆ ಹೇಳುವುದು ಇದೆಯೋ ಇಲ್ಲವೋ?" ಅಂದ ಗುಮಾಸ್ತ.

"ಐತ್ರಿ. ಕಡೀಕ."

ಗುಮಾಸ್ತ ಪೆನ್ನಿನಿಂದ ಏನೋ ಬರೆದುಕೊಂಡ. "ಮುಂದಿನವರು," ಅಂದ.

ನಾನು ಎದ್ದೆ. "ರೀ ಸಾಹೇಬ್ರ, ಅರ್ಜಿಯೊಳಗ ನಮ್ಮ ಹೆಸರೂ ಅದಾವ. ನಾವು ಹೇಳತೇವಿ."

"ಮೊದಲ ಹೆಸರಿನವರಿಗೆ ಮಾತ್ರ ಅವಕಾಶ. ನಿಮ್ಮ ಹೆಸರು ಕೂಗಿಲ್ಲ."

"ಕೂಗೀರಲ್ಲರಿ. ಇತರರು ಅಂದ್ರಿ. ಇತರರಂದ್ರ ನಾವ."

ಯಾರೋ ಹಿಂದೆ ನಕ್ಕರು. ಪೊಲೀಸಿನವನೊಬ್ಬ ಗೋಡೆ ಬಿಟ್ಟು ಒಂದು ಹೆಜ್ಜೆ ಮುಂದೆ ಬಂದ. ಅಧ್ಯಕ್ಷರು ಕೈಯೆತ್ತಿ, "ಕುಳಿತುಕೊಳ್ಳಿ. ಪಟ್ಟಿ ಮುಗಿದ ಮೇಲೆ ಸಮಯ ಉಳಿದರೆ ನೋಡೋಣ," ಅಂದರು. ದೊಡ್ಡವ್ವ ನನ್ನ ಅಂಗಿಯ ತುದಿ ಹಿಡಿದು ಎಳೆದಳು. ಕುಂತೆ.

ಮಧ್ಯಾಹ್ನದ ಬಿಡುವಿನಲ್ಲಿ ಭವನದ ಹಿಂದಿನ ಬೇವಿನ ನೆರಳಿಗೆ ಹೋದೆವು. ದೊಡ್ಡವ್ವ ಗಂಟು ಬಿಚ್ಚಿದಳು. ರೊಟ್ಟಿ, ಬದನೆಕಾಯಿ, ಶೇಂಗಾಚಟ್ನಿ. ನಾನು ನನ್ನ ಪಾಲನ್ನು ಪಕ್ಕಕ್ಕಿಟ್ಟೆ.

"ಯಜ್ಜಾ, ಇದು ನಿಮ್ಮ ಕಟ್ಟಿ ಅಲ್ಲ. ಇಲ್ಲೆ ಹೆಸರ ಕೂಗಿದಾಗ ಮಾತಾಡಬೇಕು. ಮುಗೀತು, ಅವ ಬರಕೊಂಡ, ಹೇಳೂದ ಏನೂ ಇಲ್ಲ ಅಂತ."

"ಬರೇ ಕಂಪನಿಯವರು ಹೇಳಿದ್ರು. ಇನ್ನ ಮಂದಿ ಏನ ಹೇಳತಾರ ಅನ್ನೂದ ಕೇಳದ ನಾ ಹೆಂಗ ಹೇಳ್ಲೋ ತಮ್ಮಾ?"

"ನೀವು ತೀರ್ಪ ಕೊಡಾಕ ಬಂದಿಲ್ಲ. ಬೇಡಾಕ ಬಂದೀರಿ."

ಅಜ್ಜ ರೊಟ್ಟಿ ಮುರಿಯುವುದನ್ನು ನಿಲ್ಲಿಸಿದ. ಬಯ್ಯುತ್ತಾನೆ ಅಂದುಕೊಂಡೆ.

"ಅದು ನನಗ ತಿಳೀಲಿಲ್ಲ," ಅಂದ. ಅಷ್ಟೇ.

ಅಯಾಜ್ ನಡುವೆ ಬಂದ. "ಇರಲಿ ಬಿಡೋ. ನಮ್ಮ ಅಮ್ಮ ಚಮನಬಿಗೆ ಗೊತ್ತಾದ್ರ ನಿನ್ನನ್ನ ಶಾವಿಗಿ ಅಚ್ಚಿನಾಗ ಹಾಕತಾಳ, ಹಿರೇರಿಗೆ ಹಿಂಗ ಮಾತಾಡ್ತೀಯಂತ. ಆಕಿ ಅಂದ್ರ ಸವಣೂರಾಗ ಫೌಜದಾರನೂ ಹೆದರತಾನ. ದೊಡ್ಡವ್ವಾ, ಒಂದ ರೊಟ್ಟಿ ಇಲ್ಲೆ ಕೊಡ್ರಿ, ಇವನ ಪಾಲಿಂದು."

ದೊಡ್ಡವ್ವ ಅವನಿಗೆ ಕೊಟ್ಟಳು, ನನಗೂ ಇನ್ನೊಂದು ಹಾಕಿದಳು. "ಉಣ್ಣು. ಹಸಿದ ಹೊಟ್ಟೀಲೆ ಕುಂತ್ರ ಮತ್ತ ಎದ್ದ ನಿಂದ್ರತಿ."

ಮಧ್ಯಾಹ್ನದ ಮೇಲೆ ಒಬ್ಬೊಬ್ಬರಾಗಿ ಮಾತಾಡಿದರು. ಅಕ್ಕಿ ಗಿರಣಿಯವರ ಸಂಘದವರು, ಪಂಪ್‌ಸೆಟ್ಟಿನ ರೈತರು, ಕೋಲ್ಡ್ ಸ್ಟೋರೇಜಿನವರು. ಕೆಲವರು ಚೆನ್ನಾಗಿಯೇ ಮಾತಾಡಿದರು. ಕೆಲವರು ಭಾಷಣ ಮಾಡಿದರು. ಶಾವಿಗೆಯ ಸುದ್ದಿಯನ್ನು ಯಾರೂ ತೆಗೆಯಲಿಲ್ಲ, ಯಾಕೆ ತೆಗೆದಾರು. ಬಿಸಿಲು ಕಿಟಕಿಯಿಂದ ವೇದಿಕೆಗೆ ಏರಿತು. ಮೂವರಲ್ಲಿ ಒಬ್ಬರು ಕೈಗಡಿಯಾರ ನೋಡತೊಡಗಿದರು.

ಪಕ್ಕದಲ್ಲಿ ಅಜ್ಜ ಸಂಚಿಯ ದಾರ ಬಿಗಿದ.

ನಾನು ನೋಡಿದೆ, ದೊಡ್ಡವ್ವ ನೋಡಿದಳು. ಆ ಭವನದಲ್ಲಿ ಅದರ ಅರ್ಥ ಗೊತ್ತಿದ್ದವರು ನಾವಿಬ್ಬರೇ. ಆಡೂರಿನ ಕಟ್ಟೆಯಾಗಿದ್ದರೆ ಇಷ್ಟು ಹೊತ್ತಿಗೆ ಮಕ್ಕಳೂ ಸುಮ್ಮನಾಗುತ್ತಿದ್ದವು.

"ಪಟ್ಟಿಯಲ್ಲಿದ್ದವರು ಮುಗಿದರು," ಅಂದರು ಅಧ್ಯಕ್ಷರು. "ಬೆಳಿಗ್ಗೆ ಆ ಕಡೆ ಯಾರೋ ಹಿರಿಯರು ಇದ್ದರಲ್ಲ?"

ಅಜ್ಜ ಎದ್ದು ಮೈಕಿನ ಮುಂದೆ ಹೋದ. ಅದನ್ನು ಮುಟ್ಟಲಿಲ್ಲ, ಒಂದು ಮಾರು ದೂರ ನಿಂತೇ ಮಾತಾಡಿದ. ಆದರೂ ಎಲ್ಲರಿಗೂ ಕೇಳಿಸಿತು.

"ನನಗ ಯಂತ್ರ ಇಲ್ರಿ. ಮನಿಯಾಗ ಬಲ್ಬ ಅದಾವ, ಒಂದ ಫ್ಯಾನ ಐತಿ. ನನ್ನ ಹೆಸರ ಮ್ಯಾಲೆ ಹಾಕಿದ್ದು ವಯಸ್ಸಿಗೆ ಮರ್ಯಾದಿ ಅಂತ. ಅದು ನಮ್ಮ ಕಡೆ ಪದ್ಧತಿ, ನಿಮ್ಮ ಕಡೆ ತಪ್ಪಂತ ಇವತ್ತ ಗೊತ್ತಾತು. ನನ್ನ ಕೆಳಗ ಹೊಳೆವ್ವ ಅಂತ ಹೆಸರೈತಿ. ಯಂತ್ರ ಆಕಿದು. ಮಾತೂ ಆಕಿದ. ಆಕಿನ್ನ ಕೇಳ್ರಿ."

ಅಧ್ಯಕ್ಷರು ತಲೆಯಾಡಿಸಿದರು. "ಹೊಳೆವ್ವ ಅವರು ಬಂದಿದ್ದಾರಾ?"

ದೊಡ್ಡವ್ವ ಕದಲಲಿಲ್ಲ. ಸೆರಗನ್ನು ತಲೆಯ ಮೇಲೆ ಇನ್ನಷ್ಟು ಎಳೆದುಕೊಂಡಳು.

"ದೊಡ್ಡವ್ವಾ, ಕರಿಯಾಕತ್ತಾರ. ಏಳು."

"ಗುತ್ತೆಪ್ಪಜ್ಜ ಮಾತಾಡಿ ಮುಗಿಸ್ಯಾನ," ಅಂದಳು ಮೆಲ್ಲಗೆ. "ಆತನ ಮ್ಯಾಲೆ ನಾ ಬಾಯಿ ತಗೀಲೇನು?"

"ಆತನ ಹೇಳ್ಯಾನಲ್ಲ, ಆಕಿನ್ನ ಕೇಳ್ರಿ ಅಂತ."

"ಹೇಳಿದ್ರೂ. ಆತನ ಮುಂದ ಆಗೂದಿಲ್ಲ ನನಗ."

ಗುಮಾಸ್ತ ಫೈಲು ಮುಚ್ಚಲು ಶುರುಮಾಡಿದ್ದ. ನನಗೆ ಸಿಟ್ಟು ಯಾರ ಮೇಲೆ ಬರುತ್ತಿದೆ ಅನ್ನುವುದೇ ತಿಳಿಯಲಿಲ್ಲ. ಕಂಪನಿಯ ಮೇಲೋ, ಗುಮಾಸ್ತನ ಮೇಲೋ, ನಮ್ಮ ಮೇಲೋ. ಯಂತ್ರ ಹಿರೇಕೆರೂರಿನ ಗಾಡಿಯಲ್ಲಿ ಹೋಗುವುದು ಕಣ್ಣಿಗೆ ಕಾಣುತ್ತಿತ್ತು, ಇವಳು ಸೆರಗು ಸರಿಮಾಡಿಕೊಳ್ಳುತ್ತ ಕುಂತಿದ್ದಳು.

ಅಜ್ಜ ಮೈಕಿನ ಬಳಿ ನಿಂತು ಇತ್ತ ನೋಡಿದ. ಅವನಿಗೆ ಯಾರೂ ಏನೂ ಹೇಳಬೇಕಾಗಲಿಲ್ಲ. ವೇದಿಕೆಗೆ ಮತ್ತೊಮ್ಮೆ ಕೈ ಮುಗಿದು, ಕುರ್ಚಿಗಳ ನಡುವಿನ ದಾರಿ ಹಿಡಿದು, ನಮ್ಮನ್ನು ದಾಟಿ, ಹಿಂಬಾಗಿಲಿನಿಂದ ಹೊರಗೆ ಹೋದ. ಹೋಗುವಾಗ ಬಾಗಿಲನ್ನು ಎಳೆದುಕೊಂಡ. ಗಾಜಿನ ಆಚೆ ಮೆಟ್ಟಿಲ ಮೇಲೆ ಬೆನ್ನು ತಿರುಗಿಸಿ ಕುಂತದ್ದು ಕಾಣಿಸಿತು. ರುಮಾಲು ಮಾತ್ರ ಕಾಣುತ್ತಿತ್ತು.

ದೊಡ್ಡವ್ವ ಆ ರುಮಾಲನ್ನು ನೋಡಿದಳು. ಆಮೇಲೆ ಎದ್ದಳು.

"ನಮಸ್ಕಾರ್ರಿ. ನಾ ಹೊಳೆವ್ವ, ಆಡೂರು. ನಮ್ಮ ಯಂತ್ರ ಬ್ಯಾಸಗಿ ಒಂದ ನಡೀತೈತ್ರಿ. ಹೆಂಗಸರು ತಮ್ಮ ತಮ್ಮ ಗೋಧಿ ತರತಾರ, ಕುಂತು ಶಾವಿಗಿ ಮಾಡಿಸ್ಕೊಂಡ ಹೊಕ್ಕಾರ. ಮಳಿ ಬಂದ್ರ ಗೋಣಿಚೀಲ ಹೊಚ್ಚಿ ಇಡತೇವಿ. ಆಗ ನಿಮ್ಮ ಕರೆಂಟ ಮುಟ್ಟೂದಿಲ್ಲ. ಆದ್ರೂ ಬಿಲ್ಲ ಬರತೈತಿ. ಇನ್ನ ಅದನ್ನೂ ಏರಸ್ತೇವಿ ಅಂತೀರಿ. ಏರಿಸಿದ್ರ ನಾ ಯಂತ್ರ ಮಾರಬೇಕ್ರಿ. ಇಷ್ಟ ನಂದು."

ಅಧ್ಯಕ್ಷರು ಕಂಪನಿಯ ಕಡೆ ತಿರುಗಿದರು. ಎಂಜಿನಿಯರೊಬ್ಬರು ಎದ್ದರು. ಒರಟಾಗಿ ಮಾತಾಡಲಿಲ್ಲ.

"ನೀವು ಬಳಸಿದರೂ ಬಿಟ್ಟರೂ, ತಾಯಿ, ನಿಮಗಾಗಿ ತಂತಿ ಎಳೆದಿರುತ್ತೇವೆ. ಟ್ರಾನ್ಸ್‌ಫಾರ್ಮರ್ ಇಟ್ಟಿರುತ್ತೇವೆ. ಯಾವಾಗ ಸ್ವಿಚ್ ಹಾಕಿದರೂ ಕರೆಂಟು ಬರಬೇಕಲ್ಲ. ಹಾಗೆ ಸಿದ್ಧ ಇಟ್ಟದ್ದಕ್ಕೆ ಆ ಶುಲ್ಕ."

ನನಗೆ ಆ ಮಾತು ನ್ಯಾಯವೇ ಅನ್ನಿಸಿ ಇನ್ನೂ ಸಿಟ್ಟು ಬಂತು.

"ಖರೆ ಐತ್ರಿ," ಅಂದಳು ದೊಡ್ಡವ್ವ. "ಆದ್ರ ಮಳಿಗಾಲದಾಗ ನನಗಂತ ಇಡಬ್ಯಾಡ್ರಿ. ಬಂದು ಫ್ಯೂಜ್ ಕಿತ್ಕೊಂಡ ಹೋಗ್ರಿ, ಸೀಲ್ ಹಾಕ್ರಿ. ಮತ್ತ ಹೋಳಿಗೆ ಬಂದು ಹಚ್ರಿ."

"ನಡುವೆ ಯಾರಾದರೂ ಮದುವೆಗೆ ಶಾವಿಗೆ ಬೇಕು ಅಂದರೆ?" ಅಂದರು ವೇದಿಕೆಯ ಮೇಲಿನ ಇನ್ನೊಬ್ಬರು.

"ಮಳ್ಯಾಗ ಮದವಿ ಮಾಡವ್ರಿಗೆ ಕೈಲೆ ಹೊಸೆದ ಕೊಡತೇನ್ರಿ. ಅವರಿಗೆ ಅವಸರ ಇದ್ರ ನನಗೇನ."

ಭವನದಲ್ಲಿ ನಗು ಎದ್ದಿತು. ಅಧ್ಯಕ್ಷರೂ ನಕ್ಕರು. ಫ್ಯೂಜು ತೆಗೆದು ಸೀಲು ಹಾಕುವುದು ಆಗುತ್ತದೆಯೇ ಅಂತ ಎಂಜಿನಿಯರರನ್ನು ಕೇಳಿದರು. ಆಗುತ್ತದೆ, ಆದರೆ ಮೊದಲೇ ಬರೆದುಕೊಡಬೇಕು, ಅಂದರು ಅವರು. ಅಧ್ಯಕ್ಷರು ಪಕ್ಕಕ್ಕೆ ಬಾಗಿ ಏನೋ ಬರೆಸಿದರು. "ಪರಿಶೀಲಿಸುತ್ತೇವೆ," ಅಂದರು. ಆ ಶಬ್ದ ನನಗೆ ಗೊತ್ತು. ತಾಲೂಕು ಕಚೇರಿಯಲ್ಲಿ ಸಾಕಷ್ಟು ಕೇಳಿದ್ದೇನೆ.

ಹೊರಗೆ ಬಂದಾಗ ಅಜ್ಜ ಮೆಟ್ಟಿಲ ಮೇಲೆ ಹಾಗೇ ಇದ್ದ. ಸಂಚಿ ಬಿಚ್ಚಿ ಎಲೆಗೆ ಸುಣ್ಣ ಸವರುತ್ತಿದ್ದ.

"ಮಾತಾಡಿದಿ ಏನವ್ವಾ?"

"ಮಾತಾಡಿದ್ನಿ ಯಜ್ಜಾ."

"ಏನಂದಿ?"

"ಈಗ ಹೇಳಾಂಗಿಲ್ಲ," ಅಂದಳು ದೊಡ್ಡವ್ವ. "ನೀವ ಇಲ್ಲದಾಗ ಅಂದದ್ದು."

ಅಜ್ಜ ತಲೆಯಾಡಿಸಿ ಎಲೆ ಬಾಯಿಗಿಟ್ಟುಕೊಂಡ. ಏನು ಅಂದಳು ಅಂತ ಇವತ್ತಿನವರೆಗೂ ಅವನು ಮತ್ತೆ ಕೇಳಿಲ್ಲ. ಊರವರೆಲ್ಲ ಅವನಿಗೆ ಹೇಳಿರಬೇಕು, ಆ ಮಾತು ಬೇರೆ.

ಹೋಳಿ ಬಂತು, ಯಂತ್ರ ಎದ್ದಿತು. ಯುಗಾದಿ ಮುಗಿದ ಮೇಲೆ ಆದೇಶ ಬಂತು. ಅಯಾಜ್ ಮೊಬೈಲಿಗೆ ಕಳಿಸಿದ, ನಾನು ಶೆಡ್ಡಿನ ಬಾಗಿಲಲ್ಲಿ ನಿಂತು ಓದಿದೆ. ಒಳಗೆ ಹೆಂಗಸರು ಕೋಲುಗಳ ಮೇಲೆ ಶಾವಿಗೆ ಹಾಕುತ್ತಿದ್ದರು. ಓಣಿಯ ಭರಮವ್ವ ಯಾರದೋ ಸೊಸೆಯನ್ನು ಅಣಕಿಸುತ್ತಿದ್ದಳು. ಪುಟಗಟ್ಟಲೆ ಇಳಿದ ಮೇಲೆ ಸಿಕ್ಕಿತು. ಗುತ್ತೆಪ್ಪ ಮತ್ತು ಇತರರು ಸಲ್ಲಿಸಿದ ಆಕ್ಷೇಪಣೆ ಅಂತ ಒಂದು ಪ್ಯಾರಾ. ನಿಗದಿತ ಶುಲ್ಕ ಏರಿಸಲಾಗಿದೆ. ಆದರೆ ಹಂಗಾಮಿನಲ್ಲಿ ಮಾತ್ರ ನಡೆಯುವ ಶಾವಿಗೆ ಯಂತ್ರದವರು ಮುಂಚೆ ಬರೆದುಕೊಟ್ಟು ಫ್ಯೂಜಿಗೆ ಸೀಲು ಹಾಕಿಸಿದರೆ, ಮುಚ್ಚಿದ ತಿಂಗಳಿಗೆ ಅರ್ಧ.

"ಅರ್ಧ," ಅಂದೆ. "ಪೂರ್ತಿ ಬಿಡ್ರಿ ಅಂದ್ರ ಅರ್ಧ ಬಿಟ್ಟಾರ. ಸಂತ್ಯಾಗ ಚೌಕಾಶಿ ಮಾಡಿದಂಗ."

ದೊಡ್ಡವ್ವ ಕೈಗಂಟಿದ ಹಿಟ್ಟು ಉಜ್ಜುತ್ತ ಯೋಚಿಸಿದಳು. ಏರಿದ ಶುಲ್ಕದ ಅರ್ಧ ಅಂದರೆ ಮಲಗಿದ ತಿಂಗಳಿಗೆ ಮೊದಲಿಗಿಂತ ಕಡಿಮೆಯೇ ಆಗುತ್ತಿತ್ತು. ನಡೆಯುವ ತಿಂಗಳಿಗೆ ಜಾಸ್ತಿ.

"ನಡೀತೈತಿ," ಅಂದಳು. "ದುಡಿಯೂ ಹೊತ್ತಿನಾಗ ನಾ ಕೊಟ್ಟೇನು. ಮಲಗಿದಾಗ ಕೊಡೂದ ನನಗ ಆಗತಿದ್ದಿಲ್ಲ."

ವಾರ ಕಳೆಯುವುದರೊಳಗೆ ರಾಜಕುಮಾರ ಬಂದ. ಗಾಡಿಯನ್ನೂ ತಂದಿದ್ದ, ಹಗ್ಗವನ್ನೂ. ದೊಡ್ಡವ್ವ ಅವನನ್ನು ಕುಂದ್ರಿಸಿ ಚಹಾ ಕೊಟ್ಟಳು, ಹೋಗುವಾಗ ಒಂದು ಕಟ್ಟು ಶಾವಿಗೆ ಕೈಗಿಟ್ಟಳು.

"ಯಂತ್ರ ಕೊಡೂದಿಲ್ಲಪಾ. ಇದನ್ನ ತಗೊಂಡ ಹೋಗು. ಮನ್ಯಾಗ ಪಾಕೀಟಿಂದ ಉಂಡ ಉಂಡ ಬ್ಯಾಸರಾಗಿರಬೇಕು."

ಅವನು ನಕ್ಕ, ಖಾಲಿ ಗಾಡಿ ತಿರುಗಿಸಿಕೊಂಡು ಹೋದ.

ಮೃಗಶಿರಾ ಹಿಡಿಯುವ ಮುಂಚೆ ಸೀಲಿಗೆ ಅರ್ಜಿ ಬರೆದೆ. ಮೇಲೆ ಹೊಳೆವ್ವ ಅಂತ ಬರೆದು ಅವಳ ಸಹಿ ಮಾಡಿಸಿದೆ. ಕಂಪನಿಗೆ ಅಷ್ಟೇ ಸಾಕಾಗಿತ್ತು. ಆದರೆ ದೊಡ್ಡವ್ವ ಕಾಗದವನ್ನು ಅಗಸಿಕಟ್ಟೆಗೆ ಒಯ್ದಳು. ಅಜ್ಜ ಓದಿಸಿಕೊಂಡು ಕೇಳಿದ. ಪೆನ್ನು ಇಸಗೊಂಡು, ಮೇಲೆ ಸಾಕಷ್ಟು ಜಾಗ ಇದ್ದರೂ ಅದನ್ನು ಬಿಟ್ಟು, ಎಲ್ಲಕ್ಕಿಂತ ಕೆಳಗೆ ಅಂಚಿನಲ್ಲಿ ತನ್ನ ಹೆಸರು ಬರೆದ.

ಮರುದಿನ ಲೈನ್‌ಮನ್ ಬಂದು ಫ್ಯೂಜು ಕಿತ್ತು, ತಂತಿ ಸುತ್ತಿ ಸೀಲು ಒತ್ತಿದ. ನಾನು ಗೋಣಿಚೀಲ ಹೊದಿಸಿದೆ. ತಾಡಪತ್ರಿಯ ಮೇಲೆ ಆಗಲೇ ನಾಲ್ಕು ಹನಿ ಬಿದ್ದಿದ್ದವು. ಲೈನ್‌ಮನ್ ಅರ್ಜಿಯನ್ನು ಬೆಳಕಿಗೆ ಹಿಡಿದ.

"ಮೀಟರ್ ಹೊಳೆವ್ವಂದು, ಸರಿ. ಇದ ಕೆಳಗ ಯಾರಿದು?"

"ಅವರಾ?" ಅಂದಳು ದೊಡ್ಡವ್ವ, ಕೀಲಿ ಹಾಕುತ್ತ. "ಅವರು ಇತರರು."